ಘಾನಾದಲ್ಲಿ ಹನ್ನೆರಡು ಎಕರೆ ಕೋಕೋ ಜಾಗ: ಪತ್ರ ಇಲ್ಲದ ಕುಟುಂಬದ ಭೂಮಿಯ ನಿಜವಾದ ಬೆಲೆ ಎಷ್ಟು?

2024ರಲ್ಲಿ ಕೋಕೋ ದರ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿದ್ದು ನಿಮಗೆ ನೆನಪಿರಬಹುದು. ಅಡಿಕೆ ಮಧ್ಯೆ ನಾಲ್ಕು ಕೋಕೋ ಗಿಡ ಇಟ್ಟುಕೊಂಡು ಮರೆತೇ ಬಿಟ್ಟಿದ್ದ ನಮ್ಮ ಕಡೆಯವರೂ ಆ ವರ್ಷ ಗಿಡಗಳ ಬುಡ ಬಿಡಿಸಿದರು. ಅದೇ ಸಮಯಕ್ಕೆ ನನ್ನ ಕಾಲೇಜಿನ ಬ್ಯಾಚ್‌ಮೇಟ್ ಒಬ್ಬ ಘಾನಾದಿಂದ ಫೋನ್ ಮಾಡಿದ. ತೋಟಗಾರಿಕೆ ಡಿಗ್ರಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿ ಐದಾರು ವರ್ಷ ಆಗಿತ್ತು.

"ಮಾರಾಯ, ಹನ್ನೆರಡು ಎಕರೆ ಉಂಟು. ಹಳೇ ಕೋಕೋ ಜಾಗ. ಎಕರೆಗೆ ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ. ಅರ್ಧ ನೀನು, ಅರ್ಧ ನಾನು. ಎಂತ ಹೇಳ್ತಿ?"

"ಪತ್ರ ಸರಿ ಉಂಟಾ?" ಅಂತ ಕೇಳಿದೆ.

"ಪತ್ರ ಎಲ್ಲ ಇಲ್ಲ. ಫ್ಯಾಮಿಲಿ ಲ್ಯಾಂಡ್. ಇಲ್ಲಿ ಎಲ್ಲ ಹಾಗೇ. ಮನೆಯವರು ಸೈನ್ ಹಾಕಿದ್ರೆ ಮುಗೀತು."

ಒಟ್ಟು 9.6 ಲಕ್ಷ, ನನ್ನ ಪಾಲು 4.8 ಲಕ್ಷ. ನಮ್ಮೂರಲ್ಲಿ ನೀರಿರುವ ಒಂದು ಎಕರೆ ಅಡಿಕೆ ತೋಟಕ್ಕೆ ಕೇಳುವ ದುಡ್ಡಿನ ಅರ್ಧವೂ ಅಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಅಂತ ತಲೆ ಕೆಟ್ಟಿದ್ದ ಕಾಲ ಬೇರೆ. ಎರಡು ವರ್ಷದ ಅಡಿಕೆ ಮಾರಿ, ಹೊಸ ಸಸಿ ನೆಡಲು ಅಪ್ಪ ತೆಗೆದಿಟ್ಟಿದ್ದ ಹಣ ಬ್ಯಾಂಕಲ್ಲಿತ್ತು. ನಾನು ಹೂಂ ಅಂದೆ. ಅಡ್ವಾನ್ಸ್ ಅವನೇ ಕೊಟ್ಟ. ನಾನು ವೀಸಾ ಮಾಡಿಸಿ, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹೊರಟೆ. ಆ ಲಸಿಕೆಯ ಕಾರ್ಡ್ ಇಲ್ಲದೆ ಘಾನಾದೊಳಗೆ ಬಿಡುವುದಿಲ್ಲ.

ಹೊರದೇಶದಲ್ಲಿ ಭೂಮಿ ಅಗ್ಗ ಅಂತ ವಿಡಿಯೋ ನೋಡಿ ಆಸೆಪಡುವ ಗೆಳೆಯರು ಈಗಲೂ ನನಗೆ ಮೆಸೇಜ್ ಮಾಡ್ತಾರೆ. ಅವರಿಗಾಗಿ ಈ ವಾರ ನನ್ನ ಲೆಕ್ಕವನ್ನು ಬಿಚ್ಚಿ ಹೇಳ್ತೇನೆ.

ಮೊದಲನೇ ಪೆಟ್ಟು: ಕೊಳ್ಳಲು ಆಗುವುದೇ ಇಲ್ಲ

ಅಕ್ರಾದಲ್ಲಿ ಇಳಿದ ಮರುದಿನ ಒಬ್ಬ ವಕೀಲರನ್ನು ಕಂಡೆವು. ಅವರು ಹೇಳಿದ ಮೊದಲ ಮಾತೇ ನಮ್ಮ ಅರ್ಧ ಪ್ಲಾನ್ ಮುರಿಯಿತು. ಘಾನಾದ 1992ರ ಸಂವಿಧಾನದ 266ನೇ ವಿಧಿಯ ಪ್ರಕಾರ ವಿದೇಶಿಯರಿಗೆ ಭೂಮಿಯ ಪೂರ್ಣ ಒಡೆತನ ಸಿಗುವುದಿಲ್ಲ. ಲೀಸ್ ಮಾತ್ರ, ಅದೂ ಒಮ್ಮೆಗೆ ಗರಿಷ್ಠ 50 ವರ್ಷ. "ಮಾರಿದ್ದೇವೆ" ಅಂತ ಯಾರಾದರೂ ನಮಗೆ ಬರೆದುಕೊಟ್ಟರೂ ಆ ಒಡೆತನ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಎರಡನೇ ಮಾತು ಇನ್ನೂ ಭಾರ. ಅಲ್ಲಿ ವ್ಯವಹಾರ ನಡೆಸುವ ವಿದೇಶಿಯರಿಗೆ 2013ರ ಹೂಡಿಕೆ ಕಾಯ್ದೆ ಕನಿಷ್ಠ ಬಂಡವಾಳ ಇಟ್ಟಿತ್ತು. ಘಾನಾ ಪ್ರಜೆ ಕನಿಷ್ಠ ಶೇ. 10 ಪಾಲುದಾರನಾಗಿದ್ದರೆ 2 ಲಕ್ಷ ಡಾಲರ್, ಪೂರ್ತಿ ವಿದೇಶಿಯರದ್ದೇ ಆದರೆ 5 ಲಕ್ಷ ಡಾಲರ್. ಎರಡು ಲಕ್ಷ ಡಾಲರ್ ಅಂದರೆ ಒಂದೂವರೆ ಕೋಟಿ ರೂಪಾಯಿಗಿಂತ ಹೆಚ್ಚು. ಒಂಬತ್ತೂವರೆ ಲಕ್ಷದ ಜಾಗಕ್ಕೆ! ಗೆಳೆಯನ ಮುಖ ನೋಡಿದೆ. ಅಷ್ಟು ವರ್ಷ ಅಲ್ಲಿದ್ದರೂ ಅವನಿಗೆ ಇದು ಗೊತ್ತಿರಲಿಲ್ಲ. ಸಂಬಳಕ್ಕೆ ಹೋದವನು ಹೂಡಿಕೆಯ ಕಾಯ್ದೆ ಯಾಕೆ ಓದ್ತಾನೆ? (ಇಂಥ ಮಿತಿಗಳು ಬದಲಾಗ್ತಾ ಇರ್ತವೆ. ಹೋಗುವವರು ಆ ದಿನದ ನಿಯಮ ಕೇಳಿಕೊಳ್ಳಿ.)

ಅಲ್ಲಿಗೇ ವಾಪಸ್ ಬರಬೇಕಿತ್ತು. ಆದರೆ ಅಡ್ವಾನ್ಸ್ ಕೊಟ್ಟಾಗಿತ್ತು. "ಘಾನಾದವನೊಬ್ಬನನ್ನು ಪಾರ್ಟ್ನರ್ ಮಾಡಿದ್ರೆ ಏನಾದ್ರೂ ದಾರಿ ಸಿಗ್ತದೆ" ಅಂದ ಅವನು. ಸರಿ, ಜಾಗ ಆದರೂ ನೋಡೋಣ ಅಂತ ಈಸ್ಟರ್ನ್ ರೀಜನ್ ಕಡೆ ಬಸ್ ಹತ್ತಿದೆವು.

ಗಿಡ ಹೇಳಿದ ಸತ್ಯ

ಮಾರುವವರು ಐವತ್ತು ದಾಟಿದವರು, ಮಾತು ಒಳ್ಳೇದು. "ಅಪ್ಪನ ಜಾಗ. ಅಪ್ಪ ಹೋಗಿ ಹತ್ತು ವರ್ಷ ಆಯ್ತು. ಅಂದಿನಿಂದ ಪಾಳು ಬಿದ್ದಿದೆ" ಅಂದರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು.

ಜಾಗದ ಒಂದು ಬದಿ ನಿಜಕ್ಕೂ ಪಾಳು. ಇನ್ನೊಂದು ಬದಿಗೆ ಹೋದರೆ ಬಾಳೆಯ ನೆರಳಲ್ಲಿ ಕೋಕೋ ಗಿಡ, ಮೂರು ನಾಲ್ಕು ವರ್ಷದ್ದು. ಸಾಲು ನೇರ, ಅಂತರ ಒಂದೇ. ಬುಡದಿಂದ ಎದ್ದ ನೇರ ಚಿಗುರುಗಳನ್ನು ಮುರಿದಿದ್ದರು. ಮುರಿದ ಜಾಗ ಇನ್ನೂ ಹಸಿ. ಹತ್ತು ವರ್ಷ ಪಾಳು ಬಿದ್ದ ಜಾಗದಲ್ಲಿ ಹೋದ ವಾರ ಯಾರು ಕೈಯಾಡಿಸಿದ್ದು?

ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾವಿಬ್ಬರೇ ಹೋದೆವು. ಒಬ್ಬ ಕತ್ತಿ ಹಿಡಿದು ಬಾಳೆ ಎಲೆ ಸವರ್ತಾ ಇದ್ದ. ಉತ್ತರ ಘಾನಾದಿಂದ ಬಂದವನು. ಗೆಳೆಯ ಮಾತಾಡಿಸಿದ ಮೇಲೆ ವಿಷಯ ಹೊರಬಂತು. ಅಲ್ಲಿ "ಅಬುನು" ಅಂತ ಒಂದು ಪದ್ಧತಿ ಇದೆ. ಜಾಗ ಕುಟುಂಬದ್ದು, ಗಿಡ ನೆಟ್ಟು ಬೆಳೆಸುವ ಶ್ರಮ ಇನ್ನೊಬ್ಬನದ್ದು, ಗಿಡ ಫಲಕ್ಕೆ ಬಂದ ಮೇಲೆ ಅರ್ಧ ಅರ್ಧ ಪಾಲು. ಅಬುನು ಅಂದರೆ ಎರಡು ಭಾಗ, "ಅಬುಸಾ" ಅಂದರೆ ಮೂರು ಭಾಗ. ಇವನದ್ದು ಅಬುನು. ಕಾಗದ ಇಲ್ಲ. ಸಾಕ್ಷಿಗೆ ಊರಿನ ಇಬ್ಬರು ಹಿರಿಯರು ಇದ್ದರು.

ಅವನು ನಮಗೆ ಕೇಳಿದ್ದು ಒಂದೇ ಪ್ರಶ್ನೆ: "ನೀವು ತಗೊಂಡರೆ ನನ್ನ ಅರ್ಧ ಏನಾಗ್ತದೆ?"

ನನ್ನ ಹತ್ರ ಉತ್ತರ ಇರಲಿಲ್ಲ. ನಮಗೆ ಅಗ್ಗಕ್ಕೆ ಸಿಗ್ತಾ ಇದ್ದದ್ದು ಅವನ ನಾಲ್ಕು ವರ್ಷದ ದುಡಿಮೆ. ಅದನ್ನು ಬೆಲೆಯಲ್ಲಿ ಯಾರೂ ಸೇರಿಸಿರಲಿಲ್ಲ, ಅಷ್ಟೇ.

ಮಾರಲು ನಿಂತದ್ದು ಮಗ, ಹಕ್ಕು ಇದ್ದದ್ದು ಅಳಿಯಂದಿರಿಗೆ

ತುಳುನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮಲ್ಲಿ ಅಳಿಯಸಂತಾನ ಇದ್ದ ಹಾಗೆ ಅಲ್ಲಿನ ಅಕಾನ್ ಜನರಲ್ಲಿ ತಾಯಿಯ ಕಡೆಯಿಂದ ಕುಟುಂಬ. ಅದಕ್ಕೆ "ಅಬುಸುವಾ" ಅಂತಾರೆ. ಮಗ ತಾಯಿಯ ಅಬುಸುವಾಕ್ಕೆ ಸೇರಿದವನು, ಅಪ್ಪನದ್ದಕ್ಕಲ್ಲ. ಅಪ್ಪನ ಕುಟುಂಬದ ಜಾಗ ಅಪ್ಪನ ನಂತರ ಹೋಗುವುದು ಅವನ ಅಕ್ಕತಂಗಿಯರ ಮಕ್ಕಳ ಕಡೆಗೆ. 1985ರಲ್ಲಿ ಬಂದ ಉತ್ತರಾಧಿಕಾರ ಕಾನೂನು ಹೆಂಡತಿ ಮಕ್ಕಳಿಗೆ ಪಾಲು ಕೊಟ್ಟಿದೆ. ಆದರೆ ಅದು ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಗೆ, ಕುಟುಂಬದ ಭೂಮಿಗೆ ಅಲ್ಲ.

ನಮಗೆ ಮಾರಲು ಹೊರಟವರು ಮಗ. ಸಂಜೆ ಕುಟುಂಬದ ಹಿರಿಯ ಹೆಂಗಸೊಬ್ಬರ ಮನೆಗೆ ಹೋದೆವು, ತೀರಿಹೋದವರ ತಂಗಿ. ಕೂರಿಸಿ ನೀರು ಕೊಟ್ಟು ಬಂದ ಕಾರಣ ಕೇಳಿದರು. ಹೇಳಿದೆವು. "ಅದು ನನ್ನ ಅಣ್ಣನದ್ದೇ ಅಲ್ಲ, ನಮ್ಮ ತಾಯಿಯ ಕುಟುಂಬದ್ದು. ಅಣ್ಣ ಕೃಷಿ ಮಾಡಿದ, ಅಷ್ಟೇ. ಅವನ ಮಗ ಹೇಗೆ ಮಾರ್ತಾನೆ?" ಅಂದರು. ಸಿಟ್ಟಿಲ್ಲದೆ ಹೇಳಿದರು. ಅದೇ ನನಗೆ ಹೆಚ್ಚು ನಾಚಿಕೆ ಆದದ್ದು.

ವಕೀಲರು ಆಮೇಲೆ ಕಾನೂನು ಬಿಡಿಸಿ ಹೇಳಿದರು. ಘಾನಾದಲ್ಲಿ ಸುಮಾರು ಶೇ. 80 ಭೂಮಿ ಹೀಗೆ ಸಂಪ್ರದಾಯದ ಹಿಡಿತದಲ್ಲೇ ಇದೆ, ಊರಿನ ಮುಖ್ಯಸ್ಥರ ಪೀಠ, ಕುಲ, ಕುಟುಂಬ ಅಂತ. ಕುಟುಂಬದ ಭೂಮಿ ಕೊಡಬೇಕಾದರೆ ಕುಟುಂಬದ ಯಜಮಾನನೂ ಬೇಕು, ಮುಖ್ಯ ಸದಸ್ಯರ ಒಪ್ಪಿಗೆಯೂ ಬೇಕು. ಯಜಮಾನನನ್ನು ಬಿಟ್ಟು ಉಳಿದವರು ಕೊಟ್ಟರೆ ಆ ವ್ಯವಹಾರ ಹುಟ್ಟಿದಾಗಲೇ ಸತ್ತಂತೆ. ಯಜಮಾನ ಒಬ್ಬನೇ ಕೊಟ್ಟರೆ ಸದಸ್ಯರು ಕೋರ್ಟಿಗೆ ಹೋಗಿ ರದ್ದು ಮಾಡಿಸಬಹುದು. ಇದರ ಮೇಲೆ ಎಷ್ಟೋ ಕಡೆ ಊರಿನ ಪೀಠದ ಒಪ್ಪಿಗೆಯೂ ಬೇಕಾಗ್ತದೆ.

"ಏನೂ ಇಲ್ಲ" ಅಂದರೆ "ಕ್ಲಿಯರ್" ಅಂತ ಅಲ್ಲ

ನಮಗೆ ಪಹಣಿ, ಮ್ಯುಟೇಷನ್ ಫೋನಿನಲ್ಲೇ ನೋಡಿ ಅಭ್ಯಾಸ. ಅಲ್ಲೂ ಲ್ಯಾಂಡ್ಸ್ ಕಮಿಷನ್ ಇದೆ, ಸರ್ವೆಯವರ ಸೈಟ್ ಪ್ಲಾನ್ ಕೊಟ್ಟು ಸರ್ಚ್ ಮಾಡಿಸಬಹುದು. ನಾವು ಮಾಡಿಸಿದೆವು. ಆ ಜಾಗದ ಮೇಲೆ ಯಾವ ನೋಂದಣಿಯೂ ಇಲ್ಲ ಅಂತ ಬಂತು. ಗೆಳೆಯನಿಗೆ ಖುಷಿ. ವಕೀಲರು ನಕ್ಕರು: "ಯಾರೂ ಬರೆಸಿಲ್ಲ ಅಂತ ಅರ್ಥ. ಯಾರಿಗೂ ಹಕ್ಕಿಲ್ಲ ಅಂತ ಅಲ್ಲ."

ಈ ಮಾತು ಬರೆದಿಟ್ಟುಕೊಳ್ಳಿ. ಬಾಯಿಮಾತಿನ ಹಕ್ಕು ನಡೆಯುವ ಕಡೆ ದಾಖಲೆ ಖಾಲಿ ಇದ್ದರೆ ಅದು ಗ್ಯಾರಂಟಿ ಅಲ್ಲ. ಆ ಅಬುನು ಕೃಷಿಕನ ಅರ್ಧ ಪಾಲೂ ಯಾವ ದಾಖಲೆಯಲ್ಲೂ ಇರಲಿಲ್ಲ.

ಒಂದೇ ಜಾಗವನ್ನು ಇಬ್ಬರು ಮೂವರಿಗೆ ಕೊಡುವುದು ಅಲ್ಲಿ ಹಳೇ ಕಾಯಿಲೆ. ಅಕ್ರಾ ಸುತ್ತಮುತ್ತ ಗೋಡೆಗಳ ಮೇಲೆ "ಈ ಜಾಗ ಮಾರಾಟಕ್ಕಿಲ್ಲ" ಅಂತ ದೊಡ್ಡಕ್ಷರದಲ್ಲಿ ಬರೆದಿರುವುದು ಅದಕ್ಕೇ. ಜಗಳ ಬಂದಾಗ "ಲ್ಯಾಂಡ್ ಗಾರ್ಡ್" ಅನ್ನುವ ಬಾಡಿಗೆ ಗೂಂಡಾಗಳನ್ನು ತಂದು ನಿಲ್ಲಿಸುವುದೂ ಉಂಟು. 2020ರ ಭೂ ಕಾಯ್ದೆ ಅದನ್ನು ಜೈಲು ಶಿಕ್ಷೆಯ ಅಪರಾಧ ಮಾಡಿದೆ. ಆದರೆ ಹೊರಗಿನವನಾಗಿ ನಿಮ್ಮ ಬೆಳೆ ಕಡಿಸಿಕೊಂಡ ಮೇಲೆ ಕಾಯ್ದೆ ಎಷ್ಟು ಬೇಗ ನೆರವಿಗೆ ಬರ್ತದೆ, ಯೋಚಿಸಿ.

ನನ್ನ ಪಾಲಿನ ಲೆಕ್ಕ

- ವಿಮಾನ, ವೀಸಾ, ಲಸಿಕೆ, ಊಟ ವಸತಿ: ₹1,10,000
- ಅಡ್ವಾನ್ಸ್ ಮತ್ತು "ಡ್ರಿಂಕ್ ಮನಿ"ಯಲ್ಲಿ ಅರ್ಧ: ₹90,000
- ವಕೀಲರು, ಸರ್ವೆ, ಸರ್ಚ್ ಖರ್ಚಿನಲ್ಲಿ ಅರ್ಧ: ₹45,000
- ಒಟ್ಟು: ₹2,45,000
- ವಾಪಸ್ ಸಿಕ್ಕಿದ್ದು: ₹40,000
- ಕೈಬಿಟ್ಟದ್ದು: ₹2,05,000

ಡ್ರಿಂಕ್ ಮನಿ ಅಂದರೆ ಜಾಗ ಕೇಳಲು ಹೋದಾಗ ಹಿರಿಯರ ಮುಂದೆ ಇಡುವ ಕಾಣಿಕೆ. ಹಿಂದೆ ಮದ್ಯದ ಬಾಟಲಿ ಇಡುತ್ತಿದ್ದರಂತೆ, ಈಗ ದುಡ್ಡು. ಅದಕ್ಕೆ ರಸೀದಿ ಇಲ್ಲ, ನಮಗಂತೂ ಒಂದು ಪೈಸೆ ವಾಪಸ್ ಬರಲಿಲ್ಲ. ಅದೂ ನಾವು ಇಟ್ಟದ್ದು ತಪ್ಪು ವ್ಯಕ್ತಿಯ ಮುಂದೆ.

ಮುಂದುವರಿದಿದ್ದರೆ? ಕೃಷಿಕನ ಅರ್ಧಕ್ಕೆ ಬೇರೆ ದುಡ್ಡು, ಅಳಿಯಂದಿರ ಒಪ್ಪಿಗೆಗೆ ಬೇರೆ, ಲೀಸ್ ಪತ್ರ, ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಬೇರೆ. ಪತ್ರ ಇಲ್ಲದ ಭೂಮಿ ಅಗ್ಗ ಅಲ್ಲ ಗೆಳೆಯರೇ. ಅದರ ಬೆಲೆಯನ್ನು ಕಂತಿನಲ್ಲಿ ಕೊಡ್ತೀರಿ, ಒಬ್ಬೊಬ್ಬ ಹಕ್ಕುದಾರ ಎದ್ದು ಬಂದ ಹಾಗೆ.

ಇಲ್ಲಿಂದ ದುಡ್ಡು ಕಳಿಸುವ ಮುಂಚೆ

ಭಾರತದಲ್ಲಿ ವಾಸವಿರುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ವ್ಯವಸ್ಥೆಯಲ್ಲಿ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು, ಆ ಹಣದಿಂದ ಹೊರದೇಶದಲ್ಲಿ ಸ್ಥಿರಾಸ್ತಿ ಪಡೆಯಲೂ ಅವಕಾಶ ಇದೆ. ಬ್ಯಾಂಕಿನ ಎ2 ಫಾರ್ಮ್‌ನಲ್ಲಿ ನಿಜವಾದ ಉದ್ದೇಶವನ್ನೇ ಬರೆಯಿರಿ. ಜಾಗಕ್ಕೆ ಅಂತ ಕಳಿಸಿ "ಗೆಳೆಯನ ಖರ್ಚಿಗೆ" ಅಂತ ಬರೆದರೆ ಮುಂದೆ ನಿಮಗೇ ತೊಂದರೆ. 2025ರ ಏಪ್ರಿಲ್‌ನಿಂದ, ಹೀಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗಕ್ಕೆ ಶೇ. 20 ಟಿಸಿಎಸ್ ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ವಾಪಸ್ ಕೇಳಬಹುದು. ಆದರೆ ಅಲ್ಲಿಯವರೆಗೆ ಆ ದುಡ್ಡು ಕೈಯಲ್ಲಿರುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಇಷ್ಟು ಮಾಡಿ

1. ವಿದೇಶಿಯರಿಗೆ ಆ ದೇಶದಲ್ಲಿ ಒಡೆತನ ಉಂಟಾ, ಲೀಸ್ ಮಾತ್ರವಾ, ಕನಿಷ್ಠ ಬಂಡವಾಳ ಎಷ್ಟು ಅಂತ ಮೊದಲು ಕೇಳಿ. ಇದಕ್ಕೆ ವಿಮಾನ ಹತ್ತಬೇಕಾಗಿಲ್ಲ. ಅಲ್ಲಿನ ವಕೀಲರೊಬ್ಬರ ಒಂದು ಗಂಟೆಯ ಫೀಸ್ ಸಾಕು.
2. ವಕೀಲರು ನಿಮ್ಮವರಾಗಿರಲಿ. ಮಾರುವವರು ಕರೆತಂದ ವಕೀಲ ಬೇಡ.
3. ವಂಶವೃಕ್ಷ ಬರೆಸಿ. ಯಜಮಾನ ಯಾರು, ಮುಖ್ಯ ಸದಸ್ಯರು ಯಾರು, ಅಲ್ಲಿ ಆಸ್ತಿ ತಂದೆಯ ಕಡೆ ಹೋಗ್ತದಾ, ತಾಯಿಯ ಕಡೆಯಾ? ಎಲ್ಲರನ್ನೂ ಒಂದೇ ಕಡೆ ಕೂರಿಸಿ ಒಪ್ಪಿಗೆ ಕೇಳಿ. ಮನೆಯ ಹಿರಿಯ ಹೆಂಗಸರನ್ನು ಬಿಡಬೇಡಿ.
4. ಬ್ರೋಕರ್ ಇಲ್ಲದೆ ಬೆಳಗಿನ ಹೊತ್ತು ಜಾಗ ಸುತ್ತಿ. ಗಿಡದ ವಯಸ್ಸು, ಹೊಸ ಕಡಿತ, ಸವೆದ ಕಾಲುದಾರಿ ನೋಡಿ. ನಾವು ಕೃಷಿಕರು, ಆ ಭಾಷೆ ನಮಗೆ ಬರ್ತದೆ.
5. ಸುತ್ತಲಿನ ನಾಲ್ಕು ಗಡಿಯವರನ್ನು ಮಾತಾಡಿಸಿ. ಚಿನ್ನದ ಅಕ್ರಮ ಗಣಿಗಾರಿಕೆ ಹತ್ತಿರ ಉಂಟಾ ಅಂತಲೂ ಕೇಳಿ. ಘಾನಾದಲ್ಲಿ ಎಷ್ಟೋ ಕೋಕೋ ತೋಟಗಳು ಅದಕ್ಕೇ ಹೋಗಿವೆ.
6. ದಾಖಲೆಯ ಸರ್ಚ್ ಮಾಡಿಸಿ. ಖಾಲಿ ಬಂದರೆ ನಿಜವಾದ ತನಿಖೆ ಈಗ ಶುರು ಅಂತ ತಿಳಿಯಿರಿ.
7. ರಸೀದಿ ಇಲ್ಲದ ದುಡ್ಡನ್ನು ಕಳೆದುಕೊಂಡ ದುಡ್ಡು ಅಂತಲೇ ಬರೆದಿಡಿ. ಅಷ್ಟು ಕಳೆದುಕೊಳ್ಳಲು ಆಗುವುದಿಲ್ಲ ಅಂದರೆ ಕೊಡಬೇಡಿ.

ಗೆಳೆಯ ಈಗಲೂ ಅಲ್ಲೇ ಕೆಲಸದಲ್ಲಿದ್ದಾನೆ. ನಮ್ಮ ಸ್ನೇಹ ಕೆಡಲಿಲ್ಲ, ಅದೊಂದು ಲಾಭ. ಆ ಜಾಗ ಮಾರಾಟ ಆಗಿಲ್ಲ. ಕಳೆದ ಬಾರಿ ಆ ದಾರಿಯಲ್ಲಿ ಹೋದಾಗ ಅಬುನು ಕೃಷಿಕನ ಗಿಡಗಳಲ್ಲಿ ಮೊದಲ ಕಾಯಿ ಬಂದಿತ್ತು ಅಂತ ಫೋಟೋ ಕಳಿಸಿದ. ನಾನು ಉಳಿದ ದುಡ್ಡಿನಲ್ಲಿ ಮನೆಯ ತೋಟಕ್ಕೇ ಹೊಸ ಸಸಿ ಇಟ್ಟೆ. ಎರಡು ಲಕ್ಷದಷ್ಟು ಸಸಿ ಕಮ್ಮಿ ಆಯ್ತು. ಅಪ್ಪ ಏನೂ ಹೇಳಲಿಲ್ಲ, ಖಾಲಿ ಉಳಿದ ಗುಂಡಿಗಳಿಗೆ ಬಾಳೆ ಹಾಕಿದರು.