ಹಳೆಯ ಗಣಕಯಂತ್ರಕ್ಕೆ ಮರುಜೀವ

ದ್ವಾರಕೆಯ ಸೊಸೈಟಿಗಳ ಮುಂದೆ ಕೂಗುತ್ತ ಸಾಗುವ ಕಬಾಡಿವಾಲನ ಗಾಡಿಗೆ ಈಚೆಗೆ ಹಳೆಯ ವೃತ್ತಪತ್ರಿಕೆಗಳ ಜೊತೆಯಲ್ಲಿ ಗಣಕಯಂತ್ರಗಳೂ ಏರತೊಡಗಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಪೋಷಣೆ ಕೊನೆಗೊಂಡ ಮೇಲಂತೂ, ನಡೆಯುತ್ತಿರುವ ಯಂತ್ರವನ್ನೂ ನಿರುಪಯುಕ್ತವೆಂದು ಬಗೆದು ಹೊರಹಾಕುವವರುಂಟು.

ಹೀಗೆ ಹೊರಬಿದ್ದ ಯಂತ್ರಗಳಲ್ಲಿ ಬಹಳಷ್ಟು ಯಮುನೆಯಾಚೆಯ ಸೀಲಂಪುರವನ್ನು ಸೇರುತ್ತವೆ. ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಬೋರ್ಡುಗಳನ್ನು ಕಾಯಿಸಿ ಚಿಪ್ಪುಗಳನ್ನು ಕಳಚುತ್ತಾರೆ. ತಾಮ್ರಕ್ಕಾಗಿ ತಂತಿಗಳನ್ನು ಸುಡುವುದು, ಲೋಹಕ್ಕಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವುದು ಈ ಕಸುಬಿನ ಅತ್ಯಂತ ಅಪಾಯಕರವಾದ ಭಾಗ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಹಳೆಯ ಪರದೆಗಳ ದೀಪಗಳಲ್ಲಿ ಪಾದರಸವಿರುತ್ತದೆ. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿಕರವೆಂಬುದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇಂಥ ಕಸದ ನಡುವೆ ಬೆಳೆಯುವ ಮಕ್ಕಳನ್ನು ಕುರಿತೇ ಒಂದು ವರದಿಯನ್ನು ಹೊರತಂದಿತು. ಆರೋಗ್ಯ ಲೇಖನಗಳ ನಡುವೆ ಗಣಕಯಂತ್ರದ ಮಾತೇಕೆ ಎಂದು ಕೇಳುವ ವಾಚಕರಿಗೆ ಇದೇ ನನ್ನ ಉತ್ತರ.

ಯಂತ್ರದ ಗುಂಡಿಯನ್ನೊತ್ತಿದಾಗ ಮೊಟ್ಟಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟಿರುವ ಆದೇಶಗಳು ಮೊದಲು ಎಚ್ಚರಗೊಂಡು, ಉಳಿದ ಅಂಗಾಂಗಗಳನ್ನು ಪರೀಕ್ಷಿಸಿ ಎಬ್ಬಿಸುತ್ತವೆ. ಯಂತ್ರಾಂಶವೂ ಅಲ್ಲದ, ಸಾಮಾನ್ಯ ತಂತ್ರಾಂಶವೂ ಅಲ್ಲದ ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಮೇಜಿನ ಗಣಕಗಳಲ್ಲಿ ಬಯಾಸ್ ಎಂದೇ ರೂಢಿ. ತಯಾರಕರು ದೋಷ ಕಂಡಾಗ ಇದರ ಪರಿಷ್ಕೃತ ರೂಪಗಳನ್ನು ಹೊರಡಿಸುತ್ತಾರೆ.

ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯದ ಕಥೆಯನ್ನೇ ನೋಡಿ. 2017ರ ಉತ್ತರಾರ್ಧದಿಂದೀಚೆಗೆ ಬಂದ ಎಂಟನೆಯ ಪೀಳಿಗೆಯ ಇಂಟೆಲ್ ಸಂಸ್ಕಾರಕಗಳುಳ್ಳ ಅನೇಕ ಯಂತ್ರಗಳಲ್ಲಿ ಈ ಸೌಲಭ್ಯ ಹುಟ್ಟಿನಿಂದಲೇ ಇದೆ. ಬಯಾಸಿನಲ್ಲಿ ಅದನ್ನು ಮುಚ್ಚಿಟ್ಟಿರುತ್ತಾರೆ, ಅಷ್ಟೆ. 2021ರಲ್ಲಿ ಹಲವು ಬೋರ್ಡ್ ತಯಾರಕರು ಅದನ್ನು ತಾನಾಗಿ ತೆರೆಯುವ ಹೊಸ ಫರ್ಮ್‌ವೇರನ್ನೂ ಒದಗಿಸಿದರು. ಒಂದು ಕೀಲಿ ತಿರುಗದ ಕಾರಣಕ್ಕೆ ಮನೆಯನ್ನೇ ಮಾರುವವರನ್ನು ಏನೆನ್ನೋಣ!

ಆದರೆ ಔಷಧಕ್ಕೆ ಮುನ್ನ ರೋಗನಿದಾನವಾಗಬೇಕು. ಪ್ರತಿದಿನವೂ ಯಂತ್ರದ ಗಡಿಯಾರ ಹಿಂದಿನ ವರ್ಷಗಳಿಗೆ ಓಡುತ್ತಿದ್ದರೆ ದೋಷ ಸಾಮಾನ್ಯವಾಗಿ ಫರ್ಮ್‌ವೇರಿನದಲ್ಲ. ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಬರಿದಾಗಿರುತ್ತದೆ. ಅಲ್ಪ ಬೆಲೆಯ ಈ ಸೆಲ್ಲನ್ನು ಬದಲಿಸಿದರೆ ಸಾಕು. ತೆಗೆದ ಸೆಲ್ ಮಾತ್ರ ಮೊಮ್ಮಕ್ಕಳ ಕೈಗೆ ಸಿಗಕೂಡದು. ಮಗು ಅದನ್ನು ನುಂಗಿ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾದ ಸುಟ್ಟಗಾಯವಾಗಬಲ್ಲದು. ಸಂದೇಹ ಬಂದೊಡನೆ ತುರ್ತು ಚಿಕಿತ್ಸೆಗೆ ಧಾವಿಸಬೇಕು.

ಫರ್ಮ್‌ವೇರೇ ಬೇಕಾದಲ್ಲಿ ಮೊದಲು ಯಂತ್ರದ ಸರಿಯಾದ ಗುರುತು ತಿಳಿಯಬೇಕು. ವಿಂಡೋಸಿನಲ್ಲಿ ‘ಸಿಸ್ಟಂ ಇನ್ಫರ್ಮೇಷನ್’ ತೆರೆದರೆ ಮಾದರಿಯ ಹೆಸರೂ ಬಯಾಸಿನ ಆವೃತ್ತಿ, ದಿನಾಂಕಗಳೂ ಕಾಣುತ್ತವೆ. ಬೋರ್ಡಿನ ಮೇಲೆ ಅಚ್ಚಾದ ರಿವಿಷನ್ ಸಂಖ್ಯೆಯನ್ನೂ ಬರೆದುಕೊಳ್ಳುವುದು ಅವಶ್ಯ: ಹೆಸರು ಒಂದೇ ಆದರೂ ರಿವಿಷನ್ ಬೇರೆಯಾದರೆ ಫರ್ಮ್‌ವೇರೂ ಬೇರೆಯಾಗಬಹುದು. ಅನಂತರ ತಯಾರಕರ ಅಂತರ್ಜಾಲ ತಾಣ.

ತೊಡಕಿರುವುದು ಇಲ್ಲಿಯೇ. ನಮ್ಮ ಬೆಂಗಳೂರಿನ ವಿಪ್ರೊ 2013ರಲ್ಲಿ ಗಣಕಯಂತ್ರಗಳ ತಯಾರಿಕೆಯಿಂದ ಹಿಂದೆ ಸರಿಯಿತು. ಇಂಥ ಯಂತ್ರದ ಮಾಲೀಕರು ಪೆಟ್ಟಿಗೆಯ ಮೇಲಿನ ಹೆಸರನ್ನು ಬಿಟ್ಟು ಒಳಗಿನ ಬೋರ್ಡಿನ ಹೆಸರನ್ನು ನೋಡಬೇಕು. ಅದು ಬೇರೊಬ್ಬ ತಯಾರಕರದಾಗಿರುವುದುಂಟು. ಇಂಟೆಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ತನ್ನ ಹಳೆಯ ಬೋರ್ಡುಗಳ ಬಯಾಸ್ ಕಡತಗಳನ್ನು ತಾಣದಿಂದ ತೆಗೆಯತೊಡಗಿತು. ಎಚ್‌ಪಿ ಸಂಸ್ಥೆಯು 2014ರಲ್ಲಿ ತನ್ನ ಸರ್ವರ್‌ಗಳ ಫರ್ಮ್‌ವೇರನ್ನು ಖಾತರಿಯೋ ಸೇವಾ ಒಪ್ಪಂದವೋ ಇದ್ದವರಿಗೆ ಸೀಮಿತಗೊಳಿಸಿತು. ಹಣ ಕೊಟ್ಟು ಕೊಂಡ ವಸ್ತುವಿನ ಜೀವಾಳವನ್ನು ಹೀಗೆ ಹಿಂದೆಗೆದುಕೊಳ್ಳುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿದ್ದು ಸರಿಯಾದ ಹೆಜ್ಜೆ.

ಮೂಲತಾಣದಲ್ಲಿ ಕಡತ ಸಿಗದಿದ್ದರೆ ಇಂಟರ್‌ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಹಳೆಯ ಪುಟಗಳ ಪ್ರತಿಗಳೂ ಕೆಲವೊಮ್ಮೆ ಕಡತಗಳೂ ದೊರೆಯುತ್ತವೆ. ಲಿನಕ್ಸ್ ಬಳಸುವವರಿಗೆ, ತಯಾರಕರೇ ಕಡತಗಳನ್ನು ಒಪ್ಪಿಸುವ ಒಂದು ಸಮಾನ ಭಂಡಾರವಿದೆ. ಡೆಲ್, ಲೆನೊವೊ ಮೊದಲಾದವರು ಅದರಲ್ಲಿದ್ದಾರೆ. ಎಲ್ಲವನ್ನೂ ತಾನೇ ಹುಡುಕಿಕೊಡುತ್ತೇನೆಂದು ಜಾಹೀರಾತಿನಲ್ಲಿ ಬರುವ ತಂತ್ರಾಂಶಗಳನ್ನು ಮುಟ್ಟದಿರುವುದೇ ಕ್ಷೇಮ.

ತಕ್ಕ ಕಾರಣವಿಲ್ಲದೆ ಫರ್ಮ್‌ವೇರನ್ನು ಬದಲಿಸಲೂಬಾರದು. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಯಂತ್ರ ಮತ್ತೆ ಏಳದಿರಬಹುದು. ದಿಲ್ಲಿಯ ಜೂನ್ ತಿಂಗಳಲ್ಲಿ ಯುಪಿಎಸ್ ಇಲ್ಲದೆ ಈ ಸಾಹಸ ಸಲ್ಲದು. ಮೊದಲೇ ಕಾಗದಪತ್ರಗಳ ಪ್ರತಿಯನ್ನು, ಮುಖ್ಯವಾಗಿ ನುಡಿ, ಬರಹಗಳಲ್ಲಿ ಬರೆದಿಟ್ಟ ಕನ್ನಡ ಬರವಣಿಗೆಯನ್ನು, ಬೇರೆಡೆ ತೆಗೆದಿರಿಸಿ. ಕೆಟ್ಟರೂ ನಿರಾಶರಾಗಬೇಕಿಲ್ಲ. ಜನಕಪುರಿ ಪಶ್ಚಿಮದಲ್ಲಿ ಮೆಟ್ರೊ ಬದಲಿಸಿ ಕಾಲ್ಕಾಜಿ ಮಂದಿರದ ಮೂಲಕ ನೆಹರೂ ಪ್ಲೇಸಿಗೆ ಹೋದರೆ, ಚಿಪ್ಪಿಗೆ ನೇರವಾಗಿ ಫರ್ಮ್‌ವೇರ್ ಬರೆದುಕೊಡುವ ಕುಶಲಿಗಳಿದ್ದಾರೆ.

ವಿಂಡೋಸ್ 11ಕ್ಕೆ ಒಗ್ಗದ ಯಂತ್ರದಲ್ಲಿ ಲಿನಕ್ಸ್ ಹಾಕಿ ಓದುಬರಹಕ್ಕೆ ಇನ್ನೂ ಕೆಲವು ವರ್ಷ ಬಳಸಬಹುದು. ಅದೂ ಆಗದೆ ಬೀಳ್ಕೊಡಲೇಬೇಕಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ. ಕೊಡುವ ಮುನ್ನ ಹಾರ್ಡ್ ಡಿಸ್ಕನ್ನು ಬಿಚ್ಚಿಟ್ಟುಕೊಳ್ಳಿ.