ಲಾಂಚ್ ತಪ್ಪಿದವರ ಮನೆ

ಅಡುಗೆಮನೆಯ ಬಾಗಿಲ ಪಕ್ಕ ಒಂದು ಮೊಳೆ. ಮೊಳೆಗೆ ಅಡಿಕೆ ಸೊಸೈಟಿಯವರು ವರ್ಷವರ್ಷ ಕೊಡುವ ಗೋಡೆ ಕ್ಯಾಲೆಂಡರ್. ಅದರ ಮೂಲೆಗೆ ದಾರ ಕಟ್ಟಿ ಇಳಿಬಿಟ್ಟ ಮೋಟು ಪೆನ್ಸಿಲ್. ಶರಾವತಿ ಹಿನ್ನೀರಿನಾಚೆಯ ಈ ಒಂಟಿಮನೆಯಲ್ಲಿ ಉಳಿಯಬೇಕೆಂದರೆ ಮೊದಲು ಆ ಕ್ಯಾಲೆಂಡರಿನಲ್ಲಿ ಜಾಗ ಸಿಗಬೇಕು. ಜಾಗ ಕೊಡುವವರು ಎಪ್ಪತ್ತೆರಡು ವರ್ಷದ ಅಮ್ಮ. ಬಂದವರೆಲ್ಲ ಅವರನ್ನು ಹಾಗೇ ಕರೆಯುತ್ತಾರೆ. ಹೆಸರು, ಊರು ಪೇಪರಿನಲ್ಲಿ ಬರುವುದು ಬೇಡ ಎಂದರು. ಹಾಗಾಗಿ ನಾನೂ ಅಮ್ಮ ಎಂದೇ ಬರೆಯುತ್ತೇನೆ.

ಸಾಗರದಿಂದ ಹೊರಟು, ಅಂಬಾರಗೋಡ್ಲಿನಲ್ಲಿ ನೀರು ದಾಟಿ, ಕಳಸವಳ್ಳಿ, ತುಮರಿ ಹಾದು, ಡಾಂಬರು ಮುಗಿದ ಮೇಲೂ ಒಂದಷ್ಟು ಮಣ್ಣುದಾರಿ ಇಳಿದರೆ ಮನೆ. ಮುಂದೆ ಅಡಿಕೆ ಹರವುವ ಅಂಗಳ, ಕೆಳಗೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಪಕ್ಕದ ಮನೆಯವರನ್ನು ಕೂಗಿ ಕರೆಯುವಂತಿಲ್ಲ, ನಡೆದೇ ಹೋಗಬೇಕು. ಅತಿಥಿಗಳಿಗೆ ಇರುವುದು ಮೂರು ಕೋಣೆ: ಎರಡು ಮೆತ್ತಿನ ಮೇಲೆ, ಒಂದು ಕೆಳಗೆ. ಕೆಳಕೋಣೆ ಯಾರಿಗೆ ಎಂಬುದನ್ನು ನಿರ್ಧರಿಸುವುದು ಬರುವವರ ಮಂಡಿ.

ಕ್ಯಾಲೆಂಡರಿಗೆ ಬರುತ್ತೇನೆ. ನಾನು ಹೋದದ್ದು ಮನೆಯ ಬಗ್ಗೆ ಬರೆಯಲು. ಮರಳಿ ಬಂದು ನೋಡಿದರೆ ಟಿಪ್ಪಣಿ ಪುಸ್ತಕದ ಅರ್ಧಕ್ಕರ್ಧ ಅದೇ ತುಂಬಿಕೊಂಡಿತ್ತು. ಒಂದು ತಿಂಗಳ ಹಾಳೆ ತೆರೆದರೆ ಮನೆಯ ಇಡೀ ಸಂಸಾರ ಕಣ್ಣಿಗೆ ಬೀಳುತ್ತದೆ. 'ಕೊ' ಎಂದರೆ ಕೊನೆ ಕೊಯ್ಲು. 'ಔ' ಎಂದರೆ ತೋಟಕ್ಕೆ ಔಷಧಿ ಹೊಡೆಯುವ ದಿನ. 'ಶ್ರಾ' ಎಂದರೆ ಶ್ರಾದ್ಧ. ಈ ಮೂರು ಅಕ್ಷರ ಬಿದ್ದ ಚೌಕಗಳಲ್ಲಿ ಅತಿಥಿಗೆ ಜಾಗವಿಲ್ಲ. ಉಳಿದ ದಿನಗಳಲ್ಲಿ ಅಲ್ಲಲ್ಲಿ ಒಂದು ಸುತ್ತು, ಸುತ್ತಿನೊಳಗೆ ಒಂದು ಅಂಕಿ. ಅಂಕಿ ಎಂದರೆ ತಲೆಲೆಕ್ಕ, ಬಾಳೆಎಲೆ ಎಷ್ಟು ಕೊಯ್ಯಬೇಕೆಂಬ ಲೆಕ್ಕವೂ ಅದೇ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ: 'ಮಂಡಿ', 'ಕೂಸು ಒಂದು', 'ಖಾರ ಕಮ್ಮಿ', 'ಸಕ್ಕರೆ ಬೇಡ'. ಪಕ್ಕದಲ್ಲಿ ಇನ್ನೊಂದು ಪುಟ್ಟ ಅಂಕಿ ಇರುತ್ತಿತ್ತು, ಬರುವವರು ಎಷ್ಟು ಗಂಟೆಯ ಲಾಂಚಿಗೆ ಬರುತ್ತಾರೆ ಎಂಬುದು. 2025ರ ಆಷಾಢದಿಂದ ಆ ಜಾಗ ಖಾಲಿ ಇದೆ.

ಮನೆಗೆ ಲ್ಯಾಂಡ್‌ಲೈನ್ ಇದೆ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡದ ನೆತ್ತಿ ಹತ್ತಬೇಕು. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂದು ಪಟ್ಟು ಹಿಡಿದ ಸೀಮೆ ಇದು. ಹಾಗಾಗಿ ಬುಕಿಂಗ್ ಎಂಬುದೆಲ್ಲ ಜಗಲಿಯ ಮೂಲೆಯ ಆ ಫೋನಿನಲ್ಲೇ. ಸೊಸೆ ಎತ್ತಿಕೊಂಡರೂ ಎರಡು ಮಾತಾದ ಮೇಲೆ ಅಮ್ಮನ ಕೈಗೆ ಬರುತ್ತದೆ. ನಾನು ಕೂತಿದ್ದಾಗಲೇ ಬೆಂಗಳೂರಿನ ಒಂದು ಕುಟುಂಬದ ಫೋನ್ ಬಂತು. ಅಮ್ಮ ಕೇಳಿದ್ದನ್ನು ಇದ್ದಹಾಗೇ ಬರೆದುಕೊಂಡೆ: "ಎಷ್ಟು ಜನ? ಮಕ್ಕಳಿದಾವಾ, ಎಷ್ಟು ವರ್ಷದವು? ದೊಡ್ಡವರಿಗೆ ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ? ಮಾತ್ರೆ ತಗಳೋರು ಇದಾರಾ? ಇದ್ರೆ ಎರಡು ದಿನದ್ದು ಜಾಸ್ತಿನೇ ತನ್ನಿ, ಇಲ್ಲಿ ಅಂಗಡಿ ಇಲ್ಲ. ಕಾರು ತಗ್ಗಿದ್ದಾ? ಹಂಗಾದ್ರೆ ಮೇಲೇ ನಿಲ್ಲಿಸಿ, ನಮ್ಮ ಜೀಪು ಕಳಿಸ್ತೇವೆ. ಕತ್ತಲಾಗೂದ್ರೊಳಗೆ ಬನ್ನಿ." ಕೊನೆಗೆ ಒಂದು ಮಾತು: "ಒಂದು ರಾತ್ರಿಗಾದ್ರೆ ಯಾಕೆ ಅಷ್ಟು ದೂರ ಬರ್ತೀರಿ, ಎರಡು ರಾತ್ರಿ ಇರೋ ಹಂಗೆ ಬನ್ನಿ."

ದುಡ್ಡಿನ ಆಸೆಗೆ ಹೇಳುವ ಮಾತಲ್ಲ ಅದು. ಮೊದಲ ದಿನ ಬಂದವರು ದಾರಿಯ ಸುಸ್ತಿನಲ್ಲಿರುತ್ತಾರೆ, ಫೋನ್ ಎತ್ತಿ ಹಿಡಿದು ಅಂಗಳದಲ್ಲಿ ಸುತ್ತುತ್ತಾರೆ. ಎರಡನೇ ದಿನ ಬೆಳಿಗ್ಗೆ ಫೋನ್ ಕೋಣೆಯಲ್ಲೇ ಉಳಿಯುತ್ತದೆ, ಜನ ಕೊಟ್ಟಿಗೆಯ ಹತ್ತಿರ ನಿಂತಿರುತ್ತಾರೆ. ಇಷ್ಟು ವರ್ಷ ನೋಡಿ ಅಮ್ಮ ಕಂಡುಕೊಂಡ ಸತ್ಯ ಇದು. ನನ್ನ ಅನುಭವವೂ ಅದೇ.

ಈ ಮನೆಗೆ ಅತಿಥಿಗಳು ಬರತೊಡಗಿದ ಕತೆಯ ಬೇರು ನೀರಿನಲ್ಲಿದೆ. ಶರಾವತಿಗೆ ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು, ಈ ಕಡೆಯವರ ಬಾಯಲ್ಲಿ ಮಡೆನೂರು ಡ್ಯಾಮು. ಜೋಗದಲ್ಲಿ 1948ರಲ್ಲಿ ವಿದ್ಯುತ್ ಹುಟ್ಟಿದ್ದು ಅದರ ನೀರಿನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೇ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಇವತ್ತಿಗೂ ತಲೆ ತೋರಿಸುತ್ತದೆ. ಅದರ ಜೊತೆ ಮುಳುಗಿದ ಊರುಗಳಲ್ಲಿ ಅಮ್ಮನ ತವರೂ ಒಂದು. "ನಂಗಾಗ ಹತ್ತು ವರ್ಷ. ಅಪ್ಪಯ್ಯ ಬಾಗಿಲು, ದಾರಂದ, ಹೆಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದ್ರು. ತೋಟ ಬಿಚ್ಚಲಿಕ್ಕೆ ಆಗ್ಲಿಲ್ಲ ನೋಡು, ತಂಗಿ" ಎಂದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿನ ತೋಟದ ಕೆಳಭಾಗವೂ ನೀರಿನೊಳಗೇ ಇತ್ತು. ಮನೆ ಎತ್ತರದಲ್ಲಿದ್ದದ್ದಕ್ಕೆ ಉಳಿದಿತ್ತು. ನೆಲ ಬಿಟ್ಟು ಎದ್ದುಹೋದ ಎಷ್ಟೋ ಕುಟುಂಬಗಳು ಅರವತ್ತು ವರ್ಷದ ಮೇಲೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ನಾಡಿಗೆ ಬೆಳಕು ಕೊಟ್ಟ ಈ ನೀರಿನ ದಂಡೆಯ ಹಳ್ಳಿಗಳು ಬುಡ್ಡಿದೀಪದಲ್ಲಿ ಕಳೆದ ವರ್ಷಗಳೂ ಕಡಿಮೆಯಲ್ಲ.

ಸುತ್ತ ನೀರು ನಿಂತ ಮೇಲೆ ಸಾಗರಕ್ಕೆ ಹತ್ತಿರದ ದಾರಿ ಲಾಂಚ್ ಒಂದೇ ಆಗಿತ್ತು. ಬಸ್ಸು, ಜೀಪು, ಅಡಿಕೆ ಮೂಟೆ, ಬಸುರಿ, ಮದುವೆ ದಿಬ್ಬಣ ಎಲ್ಲವೂ ಅದರ ಮೇಲೆಯೇ ದಾಟಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಈಚೆ ದಡದವರು ಈಚೆಗೆ. ಸಿಗಂದೂರು ಚೌಡೇಶ್ವರಿಗೆ ಬಂದು ಹೊತ್ತು ಮೀರಿದವರು, ಮಾಸ್ತರು, ಸರ್ವೆಯವರು, ಹೆಣ್ಣು ನೋಡಲು ಬಂದವರು ಯಾರದೋ ಮನೆಯ ಜಗಲಿ ಹತ್ತುತ್ತಿದ್ದರು. ಈ ಮನೆಯಲ್ಲಿ ಅದಕ್ಕೆಂದೇ ನಾಲ್ಕು ಚಾಪೆ, ನಾಲ್ಕು ಕಂಬಳಿ ಬೇರೆ ಇಟ್ಟಿರುತ್ತಿದ್ದರಂತೆ. 'ಲಾಂಚ್ ತಪ್ಪಿದವರು' ಎಂದರೆ ಸಾಕು, ಜಾತಿ ಕೆಲಸ ಯಾವುದೂ ಕೇಳದೆ ಒಲೆಗೆ ಇನ್ನೊಂದು ಸೇರು ಅಕ್ಕಿ ಬೀಳುತ್ತಿತ್ತು. ದುಡ್ಡು ತೆಗೆದುಕೊಳ್ಳಲು ಶುರುಮಾಡಿದ್ದು ಬಹಳ ತಡವಾಗಿ, ಅಡಿಕೆ ದರ ಬಿದ್ದ ಒಂದು ವರ್ಷ, ಮಗನ ಒತ್ತಾಯಕ್ಕೆ. ಮೊದಲ ಸಲ ಅತಿಥಿಯ ಕೈಯಿಂದ ನೋಟು ತೆಗೆದುಕೊಂಡ ದಿನ ಅಮ್ಮ ಒಳಗೆ ಹೋಗಿ ಕೂತುಬಿಟ್ಟಿದ್ದರೆಂದು ಸೊಸೆ ಹೇಳಿದರು. ಅಮ್ಮ ಅದನ್ನು ಅಲ್ಲಗಳೆಯಲಿಲ್ಲ.

ನಾನೂ ಲಾಂಚ್ ತಪ್ಪಿದವಳೇ. 2014ರ ನವೆಂಬರಿನಲ್ಲಿ ತಾಯಿಯನ್ನು ಕರೆದುಕೊಂಡು ಸಿಗಂದೂರಿಗೆ ಬಂದಿದ್ದೆ. ಕೊನೆಯ ಲಾಂಚ್ ಕಣ್ಣೆದುರೇ ದಡ ಬಿಟ್ಟಿತು. ಅಂಗಡಿಯವರೊಬ್ಬರು ಜೀಪು ಹತ್ತಿಸಿ ಇಲ್ಲಿಗೆ ಕಳಿಸಿದರು. ಕೈಕಾಲು ತೊಳೆಯಲು ಹಂಡೆಯ ಬಿಸಿನೀರು, "ಆಸ್ರಿಗೆ ಎಂತ ಕೊಡ್ಲಿ?" ಎಂಬ ಪ್ರಶ್ನೆ, ಬೆಲ್ಲದ ತುಂಡು, ತಾಮ್ರದ ಚೊಂಬಿನಲ್ಲಿ ಅಬ್ಬಿ ನೀರು. ಆಮೇಲೆ ಮೂರು ಸಲ ಹೇಳಿಕೇಳಿಯೇ ಹೋದೆವು.

ಯಾವಾಗ ಹೋಗಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ನಿಮ್ಮ ರಜೆ ನೋಡಿ ದಿನ ಗೊತ್ತುಮಾಡಬೇಡಿ, ಅವರನ್ನು ಕೇಳಿ. ಮಳೆಗಾಲದ ಮೊದಲಿಗೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿ ಗೊನೆಗೊನೆಗೂ ಹೊಡೆಯುತ್ತಾರೆ. ತಿಂಗಳೊಪ್ಪತ್ತು ಬಿಟ್ಟು ಮತ್ತೊಮ್ಮೆ. ಅದು ತಪ್ಪಿದರೆ ಕೊಳೆ ರೋಗ ಇಡೀ ವರ್ಷದ ದುಡಿಮೆಯನ್ನು ನೆಲಕ್ಕೆ ಉದುರಿಸುತ್ತದೆ. ಮಳೆ ಬಿಡುವು ಕೊಟ್ಟ ದಿನವೇ ಆಗಬೇಕಾದ ಕೆಲಸವಾದ್ದರಿಂದ ಆಗ ಅತಿಥಿಗಳನ್ನು ಒಪ್ಪುವುದಿಲ್ಲ. ಜಡಿಮಳೆಯಲ್ಲಿ ಬರುವವರಿಗೆ ಕಳಲೆ, ಪತ್ರೊಡೆ, ಹಲಸಿನ ಬೀಜ; ಜೊತೆಗೆ ಇಂಬಳ, ದಿನಗಟ್ಟಲೆ ಕರೆಂಟಿಲ್ಲದ ರಾತ್ರಿ. ಅದನ್ನು ಇಷ್ಟಪಡುವವರಿದ್ದಾರೆ, ನಾನೂ ಅವರಲ್ಲೊಬ್ಬಳು.

ಚಳಿಗಾಲವೆಂದರೆ ಕೊಯ್ಲು. ಕೊನೆಗೌಡ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಗೊನೆ ಇಳಿಸುತ್ತಾನೆ. ರಾತ್ರಿ ಅಂಗಳದಲ್ಲಿ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುತ್ತಿದ್ದ ಕಡೆ ಈಗ ಹೆಚ್ಚಾಗಿ ಯಂತ್ರದ ಸದ್ದು. ಆದರೂ ಎರಡು ಕತ್ತಿ ಉಳಿಸಿಕೊಂಡಿದ್ದಾರೆ. ಹಂಡೆಯಲ್ಲಿ ಅಡಿಕೆ ಬೇಯುವಾಗಿನ ಆ ಒಗರು ವಾಸನೆ ಬಟ್ಟೆಗೆ ಹತ್ತಿದರೆ ಊರಿಗೆ ಹೋದ ಮೇಲೂ ಬಿಡುವುದಿಲ್ಲ.

ಈ ಸಲ ನಾನು ಹೋದಾಗ ಆಲೆಮನೆಯಿಂದ ಕಬ್ಬಿನ ಹಾಲು ಬಂದಿತ್ತು, ಅಮ್ಮ ತೊಡದೇವು ಮಾಡಿದರು. ಕಬ್ಬಿನ ಹಾಲಿನಲ್ಲಿ ಅಕ್ಕಿ ರುಬ್ಬಿ ತೆಳ್ಳಗೆ ಮಾಡಿಕೊಂಡ ಹಿಟ್ಟು. ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಎಳೆಯುತ್ತಾರೆ. ಚುರ್ ಎಂದು ಆವಿ ಎದ್ದು ಅಡಗುವುದರೊಳಗೆ ಅಂಚು ತಾನಾಗಿ ಮೇಲೇಳುತ್ತದೆ. ಉಗುರಿನಿಂದ ಎತ್ತಿ, ಬಿಸಿ ಇರುವಾಗಲೇ ಮಡಚಬೇಕು. ಕ್ಷಣ ತಡವಾದರೆ ಮುರಿದು ಪುಡಿ. ನನ್ನ ಕೈಯಲ್ಲಿ ಐದು ಹರಿದವು. ಅಮ್ಮನ ಹಾಳೆಯನ್ನು ಕಿಟಕಿಗೆ ಹಿಡಿದರೆ ಅದರೊಳಗಿಂದ ಅಂಗಳ ಕಾಣುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅಮ್ಮ ಗಟ್ಟಿ. ಪುಷ್ಯದಿಂದ ಮಳೆ ಬೀಳುವವರೆಗೆ ಅತಿಥಿಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಕಾರಣ ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಅದು, ಉಣುಗಿನ ಕಡಿತದಿಂದ ಹರಡುತ್ತದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳನ್ನೇ ತಂದಿತು. "ದುಡ್ಡು ಕೊಟ್ಟು ಬಂದೋರು ಅಂತ ಕಾಡು ತೋರ್ಸಲಿಕ್ಕೆ ಆಗ್ತದಾ? ಜ್ವರ ಬಂದ್ರೆ ಅವರಮ್ಮನಿಗೆ ನಾನು ಎಂತ ಹೇಳ್ಲಿ?" ತೋಟದೊಳಗೆ, ನೀರಿನ ದಂಡೆಯಲ್ಲಿ ಎಷ್ಟು ಬೇಕಾದರೂ ತಿರುಗಬಹುದು. ಟಾರ್ಚು, ತುಂಬು ತೋಳಿನ ಅಂಗಿ, ನಗದು ಹಣ ತರಬೇಕು. ಇಷ್ಟೇ ನಿಯಮ.

ಸರ್ಕಾರದ ಲೆಕ್ಕದಲ್ಲಿ ಇದು ಹೋಂಸ್ಟೇ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪೊಲೀಸರ ಒಪ್ಪಿಗೆ, ವಿದೇಶದವರು ಬಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ. ಸಿಗ್ನಲ್ಲಿಗಾಗಿ ಮಗ ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತುತ್ತಾನೆ. ಮನೆಯವರು ಅದೇ ಮನೆಯಲ್ಲಿ ವಾಸವಿದ್ದರೆ ಮಾತ್ರ ಹೋಂಸ್ಟೇ ಎಂಬ ಮಾತು ನಿಯಮದಲ್ಲೇ ಇದೆ. ಮಲೆನಾಡಿನ ರಸ್ತೆಗಳಲ್ಲಿ ಕಾಣುವ ಎಷ್ಟು ಬೋರ್ಡುಗಳ ಹಿಂದೆ ಒಲೆ ಹೊತ್ತಿಸುವ ಒಬ್ಬ ಮನೆಯವರಿದ್ದಾರೆ? ಮನೆಯೇ ಇಲ್ಲದ ಕಡೆ ಕೋಣೆ ಕಟ್ಟಿ ಮನೆಯ ಹೆಸರಿನಲ್ಲಿ ಮಾರುವುದು ನನಗೆ ಸರಿಕಾಣುವುದಿಲ್ಲ. ಇಂಥ ಮೂರು ಕೋಣೆಯ ಮನೆಗಳು ಅಂಥ ಕೋಣೆಗಳ ದರದ ಜೊತೆ, ಜಾಹೀರಾತಿನ ಜೊತೆ ಸೆಣಸಲಾರವು.

2025ರ ಜುಲೈ 14ರಂದು, ಲಾಂಚ್ ದಾಟುತ್ತಿದ್ದ ಆ ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ, ಕಾರಿನಲ್ಲಿ ಮೂರು ನಾಲ್ಕು ನಿಮಿಷ. ಈ ದಡದ ಜನ ಅದಕ್ಕಾಗಿ ದಶಕಗಳ ಕಾಲ ಬೇಡಿದ್ದಾರೆ, ಹೋರಾಡಿದ್ದಾರೆ. ರಾತ್ರಿ ಹೊತ್ತು ಎದೆನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಬೆಳಗಾಗುವುದನ್ನು ಕಾದವರಿಗೆ ಮಾತ್ರ ಅದರ ಬೆಲೆ ಗೊತ್ತು. ಅಮ್ಮನಿಗೂ ಗೊತ್ತು, ಮಾವನವರನ್ನು ಹಾಗೆ ಕಳೆದುಕೊಂಡ ಮನೆ ಇದು. ಉದ್ಘಾಟನೆಯ ಮರುವಾರ ಮೊಮ್ಮಗನ ಜೊತೆ ಹೋಗಿ ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬಂದಿದ್ದಾರೆ. ಆದರೆ ಕ್ಯಾಲೆಂಡರಿನಲ್ಲಿ ಸುತ್ತುಗಳು ಕಡಿಮೆಯಾಗಿವೆ. ದೇವಸ್ಥಾನಕ್ಕೆ ಬಂದವರು ಮಧ್ಯಾಹ್ನದ ಊಟಕ್ಕೆ ಜೋಗಕ್ಕೋ ಸಾಗರಕ್ಕೋ ವಾಪಸು. "ಊಟಕ್ಕೆ ಮಾತ್ರ ಬರ್ತೇವೆ, ಆಗ್ತದಾ ಅಂತ ಕೇಳ್ತಾರೆ" ಎಂದರು ಸೊಸೆ. ಅಮ್ಮ ಆಗಲಿ ಎನ್ನುತ್ತಾರಂತೆ. ಆ ದಿನಗಳಿಗೆ ಸುತ್ತು ಹಾಕುವುದಿಲ್ಲ, ಬರೀ ಒಂದು ಚುಕ್ಕೆ.

ಹೊರಡುವ ದಿನ ಬೆಳಿಗ್ಗೆ ಹಳೆಯ ವರ್ಷದ ಕ್ಯಾಲೆಂಡರ್ ಇಳಿಸಿ ಹೊಸದನ್ನು ತೂಗುಹಾಕಿದರು. ಹಳೆಯದನ್ನು ಏನು ಮಾಡುತ್ತೀರಿ ಎಂದೆ. ಮೆತ್ತಿಗೆ ಕರೆದುಕೊಂಡು ಹೋದರು. ಮಾಡಿನ ಅಡಿಯಲ್ಲಿ, ಬಾಳೆನಾರಿನಿಂದ ಕಟ್ಟಿದ ಸುರುಳಿಗಳ ಅಟ್ಟಿ. ಹುಡುಕಿ ಒಂದನ್ನು ಬಿಚ್ಚಿದರು. 2016, ಮಾರ್ಚ್. ಒಂದು ಶನಿವಾರ, ಒಂದು ಭಾನುವಾರ ಸೇರಿಸಿ ಸುತ್ತು. ಒಳಗೆ 2. ಕೆಳಗೆ ಪೆನ್ಸಿಲ್ಲಿನಲ್ಲಿ: 'ತಾಯಿ ಮಗಳು. ಮಂಡಿ. ಕೆಳಕೋಣೆ. ಸಕ್ಕರೆ ಬೇಡ. ಅಪ್ಪೆಹುಳಿ ಇಷ್ಟ.'

ನನ್ನ ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರಿಗೆ ಅಪ್ಪೆಹುಳಿ ಇಷ್ಟವಾಗಿತ್ತೆಂಬುದು ನನಗೇ ಮರೆತುಹೋಗಿತ್ತು. ಅಮ್ಮ ಏನೂ ಹೇಳಲಿಲ್ಲ. ಹಾಳೆಯನ್ನು ಮತ್ತೆ ಸುತ್ತಿ, ಅದೇ ಬಾಳೆನಾರು ಬಿಗಿದು, ಇದ್ದ ಜಾಗದಲ್ಲೇ ಇಟ್ಟರು. ಕೆಳಗೆ ಬಂದು ಮೋಟು ಪೆನ್ಸಿಲ್ ಕೈಗೆತ್ತಿಕೊಂಡು, "ಮಿಡಿ ಬರೋ ಹೊತ್ತಿಗೆ ಬಾ, ತಂಗಿ. ಯಾವಾಗ ಅಂತ ಬರೀಲಿ?" ಎಂದು ಕೇಳಿದರು.