ಕಂಬದ ಹಿಂದಿದ್ದ ಎಕ್ಸೆಲ್

ಕಳೆದ ತಿಂಗಳ ಒಂದು ಶನಿವಾರ ನಾನು, ಹೆಂಡತಿ, ತರೀಕೆರೆಯ ಸೋದರಮಾವ ಕೆಮ್ಮಣ್ಣುಗುಂಡಿಗೆ ಹೋಗಿದ್ವಿ. ಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಝಡ್ ಪಾಯಿಂಟ್ ನೋಡಿ, ಕಲ್ಲತ್ತಿಗಿರಿಯಲ್ಲಿ ಸ್ವಲ್ಪ ಹೊತ್ತು ಕೂತು ಘಾಟಿ ಇಳಿದ ಮೇಲೆ ನನಗೆ ನಿರಾಳವಾಯ್ತು. ಕಷ್ಟದ ರಸ್ತೆ ಮುಗೀತಲ್ಲ!

ಲಿಂಗದಹಳ್ಳಿ ಕಡೆ ಒಂದು ಸಣ್ಣ ಕ್ರಾಸ್. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಖಾಲಿ. ಕಾರು ಇನ್ನೂ ಉರುಳ್ತಾನೇ ಇತ್ತು, ಆಕ್ಸಿಲರೇಟರ್ ಒತ್ತಿದೆ.

"ಏಯ್, ನಿಲ್ಸೋ!"

ಬಾನೆಟ್ಟಿನ ಮುಂದೆ ಒಂದು ಮೊಳ ದೂರದಲ್ಲಿ ಹಾಲಿನ ಕ್ಯಾನ್ ಕಟ್ಟಿದ್ದ ಟಿವಿಎಸ್ ಎಕ್ಸೆಲ್ ಬಲದಿಂದ ಎಡಕ್ಕೆ ಹಾದು ಹೋಯ್ತು. ಹಿಂದೆ ಯೂನಿಫಾರ್ಮಿನಲ್ಲಿದ್ದ ಪುಟ್ಟ ಹುಡುಗಿ ತಿರುಗಿ ನನ್ನನ್ನೇ ನೋಡ್ತಿದ್ದಳು.

"ನೋಡಿದ್ದೆ ಮಾವ, ಯಾರೂ ಇರಲಿಲ್ಲ" ಅಂದೆ.

"ನೋಡ್ಲಿಲ್ಲ ಕಣೋ. ತಲೆ ತಿರುಗಿಸ್ದೆ ಅಷ್ಟೆ."

ಮನೆಗೆ ಬಂದು ಓದಿದಾಗ ಮಾವ ಹೇಳಿದ್ದು ಅಕ್ಷರಶಃ ನಿಜ ಅಂತ ಗೊತ್ತಾಯ್ತು. ನಮ್ಮ ಕಣ್ಣು ವಿಡಿಯೋ ಕ್ಯಾಮೆರಾ ಥರ ಸರಾಗವಾಗಿ ಹೊರಳಲ್ಲ, ಜಿಗಿದು ಜಿಗಿದು ಹೋಗುತ್ತೆ. ಜಿಗಿಯುವ ಆ ಕ್ಷಣದಲ್ಲಿ ಬರುವ ಮಸುಕು ಚಿತ್ರವನ್ನು ಮೆದುಳು ಕೈಬಿಡುತ್ತೆ, ಖಾಲಿ ಜಾಗವನ್ನು ಅಕ್ಕಪಕ್ಕದ ರಸ್ತೆಯಿಂದಲೇ ತುಂಬಿಕೊಳ್ಳುತ್ತೆ. ನಮ್ಮ ಕೋಡ್‌ನಲ್ಲಿ ಎರರ್ ಬಂದರೆ ಕನಿಷ್ಠ ಒಂದು ಕೆಂಪು ಗೆರೆಯಾದರೂ ಕಾಣುತ್ತೆ, ಇಲ್ಲಿ ಅದೂ ಇಲ್ಲ. ಇನ್ನು ಸ್ಪಷ್ಟವಾಗಿ ಕಾಣುವ ಭಾಗ ಎಷ್ಟು? ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಹೆಚ್ಚುಕಡಿಮೆ ಅದರ ಅಗಲದಷ್ಟೇ. ಲಾರಿ ಹೇಗೋ ಕಂಡೀತು, ಎಕ್ಸೆಲ್ ತಪ್ಪಿಹೋಗುತ್ತೆ.

ಎರಡನೇ ಕಳ್ಳ ಕಾರಿನಲ್ಲೇ ಇದ್ದಾನೆ. ಮುಂದಿನ ಗಾಜಿನ ಪಕ್ಕದ ಕಂಬ, ಎ-ಪಿಲ್ಲರ್. ನಾವು ಬಲಗಡೆ ಕೂತು ಓಡಿಸುವುದರಿಂದ ಬಲಗಡೆಯ ಕಂಬ ಮುಖಕ್ಕೆ ತೀರಾ ಹತ್ತಿರ, ಒಂದು ಬೈಕನ್ನು ಪೂರ್ತಿ ಮುಚ್ಚುವಷ್ಟು. ನನ್ನನ್ನು ಬೆಚ್ಚಿಬೀಳಿಸಿದ ವಿಷಯ ಇದಲ್ಲ. ಎರಡು ವಾಹನಗಳು ಸಮ ವೇಗದಲ್ಲಿ ನೇರವಾಗಿ ಬಂದು ಒಂದೇ ಜಾಗದಲ್ಲಿ ಡಿಕ್ಕಿಯಾಗುವಂತಿದ್ದರೆ, ಎದುರಿನದು ನಮ್ಮ ಗಾಜಿನ ಮೇಲೆ ಜಾಗ ಬದಲಿಸುವುದೇ ಇಲ್ಲ, ನಿಂತಲ್ಲೇ ದೊಡ್ಡದಾಗುತ್ತೆ. ಅಂದರೆ ಒಮ್ಮೆ ಕಂಬದ ಹಿಂದೆ ಸಿಕ್ಕಿಕೊಂಡದ್ದು ಕೊನೆಯವರೆಗೂ ಅಲ್ಲೇ ಇರಬಹುದು. ಮಾವನಿಗೆ ಕಂಡದ್ದು ಅವರು ಎಡಗಡೆ ಕೂತಿದ್ದರಿಂದ. ಅವರ ಕಣ್ಣಿಗೆ ಆ ಕಂಬ ಬೇರೆ ಕಡೆ ಇತ್ತು.

ಮಾವನ ಕ್ರಮ ಸರಳ. ಕ್ರಾಸಿಗೆ ಮೊದಲೇ ವೇಗ ಇಳಿಸಿ, ಮುಖ್ಯರಸ್ತೆಯಾದರೆ ಪೂರ್ತಿ ನಿಲ್ಲು. ಬಲ, ಎಡ, ಮತ್ತೆ ಬಲ, ಯಾಕಂದ್ರೆ ಮೊದಲು ತಾಗೋದು ಬಲದಿಂದ ಬರುವ ಗಾಡಿ. ಪ್ರತಿ ಕಡೆ ಎರಡು ಮೂರು ಜಾಗದಲ್ಲಿ ಕಣ್ಣು ನಿಲ್ಲಿಸು: ದೂರದಲ್ಲಿ, ನಡುವೆ, ಹತ್ತಿರ. ಸೊಂಟದಿಂದ ಮುಂದಕ್ಕೆ ಬಾಗಿ, ಹಿಂದಕ್ಕೆ ಸರಿದು ಕಂಬದ ಆಚೆ ಇಣುಕು. ಅವರು ಹಾಗೆ ಬಾಗೋದನ್ನು ನೋಡಿ ಚಿಕ್ಕಂದಿನಲ್ಲಿ ನಾವು ನಗ್ತಿದ್ವಿ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತೆ. ಮೊದಲು ಬಲಕ್ಕೆ ನೋಡಿದ್ದು ಎರಡು ಸೆಕೆಂಡಿನಲ್ಲಿ ಹಳೆಯ ಸುದ್ದಿ.

ಕೆಮ್ಮಣ್ಣುಗುಂಡಿಯ ಮಂಜಿನಲ್ಲಿ ಕಣ್ಣೂ ಸಾಲದು. ಅಲ್ಲಿ ಲೋ ಬೀಮ್ ಹಾಕಿ, ಹಾಡು ನಿಲ್ಲಿಸಿ, ಗಾಜು ಇಳಿಸಿ. ತಿರುವಿನಾಚೆಯ ಹಾರ್ನ್ ಮೊದಲು ಕಿವಿಗೇ ಸಿಗೋದು. ಇಕ್ಕಟ್ಟಾದ ಕಡೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಇದು ಬರೀ ಸೌಜನ್ಯ ಅಲ್ಲ, ಕಾನೂನು.

ಅವತ್ತು ಕಡೂರಿನ ನೆಂಟರ ಮನೆ ತಲುಪುವವರೆಗೆ ಪ್ರತಿ ಕ್ರಾಸಿನಲ್ಲೂ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು ಅಂತ ಮಾವನ ಆಜ್ಞೆ. "ಬಲಕ್ಕೆ ಟ್ರ್ಯಾಕ್ಟರ್, ದೂರ ಇದೆ. ಎಡಕ್ಕೆ ದನ, ಎರಡು." ಹಿಂದಿನ ಸೀಟಿನಲ್ಲಿ ಹೆಂಡತಿ ಕಿಸಿಕಿಸಿ ನಗ್ತಿದ್ದಳು. ಬೀರೂರು ಹತ್ತಿರ ಬಂದಾಗ ನಗು ನಿಲ್ಲಿಸಿ ಅವಳೇ ಅಂದಳು, "ರೀ, ಕಂಬದ ಹಿಂದೆ ಸೈಕಲ್."